ಯಾರ ಅಜ್ಜಿ?

ಮನೆಮನೆಯ ಹಳೆಯ ಫೋಟೋ, ಕಾಗದಪತ್ರಗಳನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ಜೋಡಿಸಿಕೊಡುವುದು ನನ್ನ ಕಸುಬು. ಜನ ತಂದುಕೊಡುವ ಹಾರ್ಡ್ ಡಿಸ್ಕ್ ಯಾವುದನ್ನೇ ತೆರೆಯಿರಿ, ‘ಅಜ್ಜಿ’ ಅಂತ ಒಂದು ಫೋಲ್ಡರ್ ಇದ್ದೇ ಇರುತ್ತದೆ. ಒಳಗೆ ‘ಅಜ್ಜಿ 1’, ‘ಅಜ್ಜಿ 2’, ‘ಅಜ್ಜಿ ಹಳೇದು’, ‘ಅಜ್ಜಿ ಹಳೇದು ಫೈನಲ್’. ಯಾರ ಅಜ್ಜಿ ಅಂತ ಕೇಳಿದರೆ, ಇದೂ ಒಂದು ಪ್ರಶ್ನೆಯೇ ಎಂಬಂತೆ ನೋಡಿ, ‘ನಮ್ಮಜ್ಜಿ ಸಾರ್’ ಅನ್ನುತ್ತಾರೆ.

ಪ್ರಶ್ನೆಯೇ. ಒಂದು ಮನೆತನದ ದಾಯಾದಿಗಳು, ಸೋದರತ್ತೆ ಮಕ್ಕಳು ಎಲ್ಲ ಸೇರಿ ವಂಶದ ಫೋಟೋಗಳನ್ನು ಒಂದೇ ಕಡೆ ಕೂಡಿಸಲು ಹೊರಟರು. ಮೂರು ಕಡೆಯಿಂದ ಮೂರು ‘ಅಜ್ಜಿ’ ಫೋಲ್ಡರ್ ಬಂದವು. ಒಬ್ಬರಿಗೆ ಅಪ್ಪನ ತಾಯಿ, ಇನ್ನೊಬ್ಬರಿಗೆ ಅಮ್ಮನ ತಾಯಿ, ಮತ್ತೊಬ್ಬರಿಗೆ ಮುತ್ತಜ್ಜಿ. ಉತ್ಸಾಹದ ಹುಡುಗನೊಬ್ಬ ಮೂರನ್ನೂ ಒಂದರೊಳಗೆ ಸುರಿದ. ಅದೇ ಹೆಸರಿನ ಫೈಲ್ ಆಗಲೇ ಇದೆ, ಬದಲಾಯಿಸಲೇ ಅಂತ ಕಂಪ್ಯೂಟರ್ ಕೇಳಿತು. ಹೂಂ ಅಂದ. ಒಬ್ಬ ಅಜ್ಜಿಯ ಮೇಲೆ ಇನ್ನೊಬ್ಬ ಅಜ್ಜಿ ಕೂತರು. ಪುಣ್ಯಕ್ಕೆ ಒಬ್ಬರ ಪೆನ್‌ಡ್ರೈವ್‌ನಲ್ಲಿ ಮೂಲ ಉಳಿದಿತ್ತು.

ನೀವು ಇಟ್ಟ ಹೆಸರು ನಿಮಗಲ್ಲ, ನಿಮ್ಮನ್ನು ಕಂಡೇ ಇಲ್ಲದವರಿಗೆ ಅರ್ಥವಾಗಬೇಕು. ದೊಡ್ಡಪ್ಪ, ಅತ್ತೆ, ಚಿಕ್ಕಮ್ಮ ಇವೆಲ್ಲ ನೀವು ನಿಂತ ಜಾಗದಿಂದ ಕಾಣುವ ನಂಟು. ನಿಮ್ಮ ಮಗಳು ಅದೇ ಕಂಪ್ಯೂಟರ್ ತೆರೆಯುವ ಹೊತ್ತಿಗೆ ನಿಮ್ಮ ಅತ್ತೆ ಅವಳಿಗೆ ಅಜ್ಜಿ. ಹಳೇ ಮೈಸೂರು ಕಡೆಯ ಎಷ್ಟೋ ಮನೆಗಳಲ್ಲಿ ಅಪ್ಪನನ್ನೇ ‘ಅಣ್ಣ’ ಅಂತ ಕರೆಯುತ್ತಿದ್ದರು. ಆ ಫೋಟೋಕ್ಕೆ ‘ಅಣ್ಣ’ ಅಂತ ಹೆಸರಿಟ್ಟರೆ ಮೊಮ್ಮಕ್ಕಳು ಯಾರನ್ನು ಹುಡುಕಬೇಕು? ಹೋಗಲಿ, ಹೆಸರೇ ಬರೆಯೋಣ ಎಂದರೆ ತಾತನ ಹೆಸರನ್ನು ಮೊಮ್ಮಗನಿಗೆ ಇಟ್ಟಿರುತ್ತಾರೆ. ಮದುವೆಯಾದ ಮೇಲೆ ಗಂಡನ ಮನೆಯಲ್ಲಿ ಹೆಂಗಸರಿಗೆ ಬೇರೆ ಹೆಸರಿಟ್ಟ ಉದಾಹರಣೆಗಳೂ ಬೇಕಾದಷ್ಟಿವೆ. ಆದ್ದರಿಂದ ಹೆಸರಿನ ಜೊತೆ ಹುಟ್ಟಿದ ವರ್ಷ, ಅದು ಗೊತ್ತಿಲ್ಲದಿದ್ದರೆ ಊರು, ಇಲ್ಲವೇ ತಂದೆಯ ಹೆಸರು ಸೇರಿಸಿ. ಹೆಂಗಸರಿಗೆ ತವರಿನ ಹೆಸರನ್ನೂ ಬರೆಯಿರಿ.

ಇಷ್ಟು ಹೇಳಿದ ಮೇಲೂ ಬರುವ ಉತ್ತರ ಒಂದೇ: ‘ಫೋಲ್ಡರ್ ಮೇಲೆ ಎಲ್ಲಾ ಬರೆದಿದೀನಲ್ಲ ಸಾರ್.’ ಸ್ವಾಮಿ, ಫೋಲ್ಡರ್ ನಿಮ್ಮ ಮನೆಯಲ್ಲೇ ಉಳಿಯುತ್ತದೆ. ನಿಮ್ಮ ತಂಗಿಗೆ ಕಳಿಸುವುದು ಅದರೊಳಗಿನ ಒಂದು ಫೋಟೋವನ್ನು ಮಾತ್ರ. ಅದು ಹೊರಡುವಾಗ ಫೋಲ್ಡರಿನ ಹೆಸರು ಅದರ ಜೊತೆ ಹೋಗುವುದಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಅಂತ ಕಳಿಸಿದರೆ ಇನ್ನೂ ಕೆಟ್ಟದ್ದು. ಚಿತ್ರ ಕುಗ್ಗುತ್ತದೆ, ನೀವು ಇಟ್ಟ ಹೆಸರು ಅಳಿಸಿಹೋಗುತ್ತದೆ, ಆಂಡ್ರಾಯ್ಡ್ ಫೋನಿನಲ್ಲಾದರೆ ‘ಐಎಂಜಿ’ ಅಂತ ಶುರುವಾಗಿ ಅದು ಬಂದ ದಿನದ ತಾರೀಕು, ‘ಡಬ್ಲ್ಯೂಎ’, ಒಂದು ಸಂಖ್ಯೆ, ಅಷ್ಟೇ ಉಳಿಯುತ್ತದೆ. 1950ರ ಮದುವೆ ಹೋದ ಮಂಗಳವಾರ ನಡೆದ ಹಾಗಾಯಿತು. ಅದೇ ಫೈಲನ್ನು ‘ಡಾಕ್ಯುಮೆಂಟ್’ ಅಂತ ಕಳಿಸಿದರೆ ಹೆಸರೂ ಗುಣಮಟ್ಟವೂ ಉಳಿಯುತ್ತವೆ.

ಗೂಗಲ್ ಫೋಟೋಸ್ ಮುಖ ಗುರುತು ಹಿಡಿಯುತ್ತದಲ್ಲ ಎನ್ನುವವರಿದ್ದಾರೆ. ಹಿಡಿಯುತ್ತದೆ, ಒಂದೇ ಮುಖದ ಫೋಟೋಗಳನ್ನು ಒಟ್ಟು ಮಾಡಿಯೂ ಕೊಡುತ್ತದೆ. ಆದರೆ ಅಲ್ಲಿ ನೀವು ಕೊಟ್ಟ ಹೆಸರು ನಿಮ್ಮ ಖಾತೆಯಲ್ಲಿರುತ್ತದೆ, ಫೋಟೋ ಫೈಲಿನೊಳಗೆ ಕೂರುವುದಿಲ್ಲ.

ನಾನು ಮಾಡುವುದು ಇಷ್ಟು. ಫೈಲಿನ ಹೆಸರಿನಲ್ಲಿ ಮೊದಲು ವರ್ಷ, ನಾಲ್ಕೂ ಅಂಕಿ. ಆಮೇಲೆ ಸಂದರ್ಭ, ಊರು, ಮುಖ್ಯವಾದವರ ಹೆಸರು. ‘1964-05 ಮದುವೆ ಕಡೂರು ಪುಟ್ಟಮ್ಮ’ ಅನ್ನುವ ಹಾಗೆ. ವರ್ಷ ಮೊದಲಿದ್ದರೆ ಕಂಪ್ಯೂಟರ್ ತಾನೇ ಕಾಲಕ್ರಮದಲ್ಲಿ ಜೋಡಿಸುತ್ತದೆ. ಗುಂಪು ಫೋಟೋವಾದರೆ ಒಂದು ನಕಲು ಮಾಡಿ, ಕೆಳಗೆ ಬಿಳಿ ಪಟ್ಟಿ ಸೇರಿಸಿ, ನಿಂತವರು ಎಡದಿಂದ, ಕೂತವರು ಎಡದಿಂದ ಅಂತ ಹೆಸರುಗಳನ್ನು ಚಿತ್ರದ ಮೇಲೇ ಬರೆದುಬಿಡುತ್ತೇನೆ. ಹಂಚುವುದು ಆ ನಕಲನ್ನು. ಮೂಲ ಸ್ಕ್ಯಾನ್ ಮುಟ್ಟುವಂತಿಲ್ಲ. ವಾಟ್ಸ್‌ಆ್ಯಪ್ ಎಷ್ಟೇ ಕುಗ್ಗಿಸಿದರೂ ಅಕ್ಷರ ಓದಬಹುದು.

ತಾರೀಕಿನ ವಿಷಯದಲ್ಲಿ ಕಂಪ್ಯೂಟರನ್ನು ನಂಬಬೇಡಿ. ಅದು ತೋರಿಸುವುದು ಸ್ಕ್ಯಾನ್ ಮಾಡಿದ ದಿನವನ್ನು. ಕಾಲ ಪತ್ತೆಹಚ್ಚಲು ಕಾಗದವನ್ನೇ ನೋಡಬೇಕು. ವಿಳಾಸದಲ್ಲಿ ಪಿನ್ ಕೋಡ್ ಇದ್ದರೆ ಅದು 1972ರ ಆಗಸ್ಟ್ 15ಕ್ಕಿಂತ ಹಿಂದಿನದಲ್ಲ. ‘ಮೈಸೂರು ರಾಜ್ಯ’ ಎಂದು ಅಚ್ಚಾಗಿದ್ದರೆ ಬಹುಮಟ್ಟಿಗೆ 1973ರ ನವೆಂಬರ್‌ಗಿಂತ ಮುಂಚಿನದು. ಬಹುಮಟ್ಟಿಗೆ ಏಕೆಂದರೆ ಹಳೆಯ ಫಾರಂಗಳು ಮುಗಿಯುವವರೆಗೂ ಕಚೇರಿಗಳು ಅವನ್ನೇ ಬಳಸಿರಬಹುದು. ರಸೀದಿಯಲ್ಲಿ ‘ನಯಾ ಪೈಸೆ’ ಕಂಡರೆ 1957ರಿಂದ 1964ರ ಆಸುಪಾಸು. ಲಗ್ನಪತ್ರಿಕೆಯಲ್ಲಿ ಇಸವಿ ಇಲ್ಲದಿದ್ದರೂ ಸಂವತ್ಸರ ಇರುತ್ತದೆ. ಕ್ರೋಧಿ ಎಂದಿದ್ದರೆ 1964–65, ಇಲ್ಲವೇ ಅದಕ್ಕೆ ಅರವತ್ತು ವರ್ಷ ಹಿಂದೆ ಅಥವಾ ಮುಂದೆ. ಯಾವುದೆಂದು ಹುಡುಗನ ವಯಸ್ಸೇ ಹೇಳುತ್ತದೆ. ಏನೂ ಸಿಗದಿದ್ದರೆ ‘ಸುಮಾರು 1960’ ಎಂದು ಬರೆಯಿರಿ. ಊಹೆಯನ್ನು ಊಹೆ ಎಂದೇ ಬರೆದರೆ ತಪ್ಪಿಲ್ಲ.

ಫೋಟೋದ ಹಿಂಬದಿಯನ್ನೂ ಸ್ಕ್ಯಾನ್ ಮಾಡಿ. ಸ್ಟುಡಿಯೋ ಮೊಹರು, ಊರು, ಯಾರೋ ಪೆನ್ಸಿಲ್‌ನಲ್ಲಿ ಗೀಚಿದ ಹೆಸರು ಇರುವುದು ಅಲ್ಲೇ. ಡಿಪಿಐ (ಸ್ಕ್ಯಾನ್ ಎಷ್ಟು ಸೂಕ್ಷ್ಮ ಎಂಬುದರ ಅಳತೆ) ಎಷ್ಟಿರಬೇಕು, ಯಾವ ಸ್ಕ್ಯಾನರ್ ಒಳ್ಳೆಯದು ಎಂಬ ಪ್ರಶ್ನೆಗಳಿಗೆಲ್ಲ ಯೂಟ್ಯೂಬ್ ಇದೆ.

‘ಮೊದಲು ಎಲ್ಲಾ ಸ್ಕ್ಯಾನ್ ಆಗ್ಲಿ, ಆಮೇಲೆ ಅಮ್ಮನ್ನ ಕೇಳ್ತೀವಿ’ ಅನ್ನುವವರ ಮೇಲೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಡಬ್ಬಿಯಲ್ಲಿರುವ ಫೋಟೋ ಇನ್ನೂ ಹತ್ತು ವರ್ಷ ಕಾಯಬಹುದು. ಎಂಬತ್ತೈದು ದಾಟಿದ ತಾಯಿ ಕಾಯಬೇಕು ಎನ್ನುವುದು ಯಾವ ಲೆಕ್ಕ? ಒಬ್ಬ ಅಜ್ಜಮ್ಮನನ್ನು ಮಕ್ಕಳು ನಮ್ಮಲ್ಲಿಗೇ ಕರೆತಂದಿದ್ದರು. ಮದುವೆಯ ಗುಂಪು ಫೋಟೋ ಪರದೆಯ ಮೇಲೆ ದೊಡ್ಡದು ಮಾಡಿ ತೋರಿಸಿದೆ. ಮೊದಲು ಅವರ ಕಣ್ಣಿಗೆ ಬಿದ್ದದ್ದು ತಮ್ಮ ಸೀರೆ. ‘ಇದು ನಂದಲ್ಲ, ನಮ್ಮ ಓರಗಿತ್ತೀದು. ವಾಪಸ್ ಕೊಡೋವಾಗ ಜರಿ ಹರಿದಿದೆ ಅಂತ ಜಗಳ ಆಡಿದ್ಲು.’ ಆಮೇಲೆ ಸಾಲಾಗಿ ಎಲ್ಲರ ಹೆಸರು ಹೇಳಿದರು. ಅಂಚಿನಲ್ಲಿ ಅರ್ಧ ಮಾತ್ರ ಕಾಣುವ ಅಡುಗೆ ಭಟ್ಟರದ್ದೂ ಸೇರಿ. ಮಗ ಫೋನಿನಲ್ಲಿ ದನಿ ರೆಕಾರ್ಡ್ ಮಾಡಿಕೊಂಡರು. ಜರಿ ಜಗಳವನ್ನೂ ಫೈಲಿನ ಟಿಪ್ಪಣಿಗೆ ಸೇರಿಸಿ ಅಂತ ನಾನೇ ಹೇಳಿದೆ.

‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿಸಿದ ವಂಶವೃಕ್ಷಗಳಿದ್ದರೆ ಈಗಲೇ, ಯಾವ ಕಂಪ್ಯೂಟರಿನಲ್ಲೂ ಕನ್ನಡವಾಗಿಯೇ ಕಾಣುವ ಯೂನಿಕೋಡ್‌ಗೆ ಬದಲಾಯಿಸಿ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಮುತ್ತಾತನ ಹೆಸರು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಪರಿವರ್ತಕಗಳು ಉಚಿತವಾಗಿಯೇ ಸಿಗುತ್ತವೆ. ಒತ್ತಕ್ಷರಗಳು ಕೆಲವೊಮ್ಮೆ ಎಡವುತ್ತವೆ, ಒಮ್ಮೆ ಕೂತು ಓದಿ ತಿದ್ದಿ.

ಕ್ರಯಪತ್ರ, ವಿಭಾಗಪತ್ರಗಳನ್ನು ಫೋಟೋಗಳ ಜೊತೆ ಬೆರೆಸಬೇಡಿ, ಬಂಧುಗಳೆಲ್ಲ ನೋಡುವ ಫೋಲ್ಡರಿನಲ್ಲಂತೂ ಹಾಕಲೇಬೇಡಿ. ಸ್ಕ್ಯಾನ್ ಆಯಿತೆಂದು ಮೂಲ ಪತ್ರ ಬಿಸಾಡುವ ಯೋಚನೆ ಬಂದರೆ ಮೊದಲು ನಿಮ್ಮ ವಕೀಲರನ್ನು ಕೇಳಿ. ಅದು ನನ್ನ ಕ್ಷೇತ್ರವಲ್ಲ.