'ಬೇಕಾಗುವ ಸಾಮಗ್ರಿ' ಮೇಲಕ್ಕೆ ಬಂದದ್ದು ಹೇಗೆ?

ವಾರಪತ್ರಿಕೆಯ ಅಡುಗೆ ಪುಟದಲ್ಲಿ 'ಬೇಕಾಗುವ ಸಾಮಗ್ರಿ' ಮೊದಲು, 'ಮಾಡುವ ವಿಧಾನ' ಆಮೇಲೆ. ಈ ಕ್ರಮ ಮೊದಲಿನಿಂದ ಇದ್ದದ್ದಲ್ಲ. 18ನೇ ಶತಮಾನದ ಇಂಗ್ಲಿಷ್ ಅಡುಗೆ ಪುಸ್ತಕಗಳಲ್ಲಿ ಎಲ್ಲವೂ ಒಂದೇ ಉಸಿರಿನ ಗದ್ಯ. ಅರ್ಧ ಬೆಂದ ಮೇಲೆ ಜಾಯಿಕಾಯಿಯ ಮಾತು ಬರುತ್ತದೆ, ಡಬ್ಬಿ ನೋಡಿದರೆ ಖಾಲಿ! 1845ರಲ್ಲಿ ಇಂಗ್ಲಿಷ್ ಅಡುಗೆ ಲೇಖಕಿ ಎಲಿಜಾ ಆಕ್ಟನ್ ತೂಕ, ಸಮಯಗಳನ್ನು ಬೇರೆಯಾಗಿ ಪಟ್ಟಿ ಮಾಡಿದರು, ಆದರೆ ಪ್ರತಿ ಅಡುಗೆಯ ಕೊನೆಯಲ್ಲಿ.

ಪಟ್ಟಿ ಮೇಲಕ್ಕೇರಿ ಮನೆಮನೆ ತಲುಪಿದ್ದು ಒಂದು ಮಾಸಪತ್ರಿಕೆಯ ಬಲದಿಂದ. 1852ರಲ್ಲಿ ಲಂಡನ್ನಿನ ಪ್ರಕಾಶಕ ಸ್ಯಾಮ್ಯುಯೆಲ್ ಬೀಟನ್ 'ಇಂಗ್ಲಿಷ್‌ವುಮನ್ಸ್ ಡೊಮೆಸ್ಟಿಕ್ ಮ್ಯಾಗಜೀನ್' ಶುರುಮಾಡಿದರು. ಬೆಲೆ ಎರಡೇ ಪೆನ್ನಿ. ಕೊಳ್ಳುವವರು ಸಿರಿವಂತರಲ್ಲ, ಮಧ್ಯಮ ವರ್ಗದ ಗೃಹಿಣಿಯರು. ಊರು ಬಿಟ್ಟು ಹೊಸ ಬಡಾವಣೆಗೆ ಬಂದವಳಿಗೆ ಕೇಳಿಕೊಳ್ಳಲು ಅಮ್ಮ ಪಕ್ಕದಲ್ಲಿಲ್ಲ, ಕೈಯಾಸರೆಗೆ ಹೆಚ್ಚೆಂದರೆ ಒಬ್ಬಳು ಕೆಲಸದವಳು. 1860ರಲ್ಲಿ ಪತ್ರಿಕೆಯ ಬೆಲೆ ಆರು ಪೆನ್ನಿಗೇರಿತು, ಜೊತೆಗೆ ಪ್ಯಾರಿಸ್ ಫ್ಯಾಷನ್ನಿನ ಬಣ್ಣದ ಚಿತ್ರ, ಬಟ್ಟೆ ಕತ್ತರಿಸಲು ಕಾಗದದ ನಮೂನೆ.

ಸ್ಯಾಮ್ಯುಯೆಲ್ ಪತ್ನಿ ಇಸಬೆಲ್ಲಾ ಅಡುಗೆ ಅಂಕಣಕ್ಕೆ ಕೈಹಾಕಿದಾಗ ವಯಸ್ಸು 21. ಮನೆವಾರ್ತೆಯ ಅವರ ಪುಸ್ತಕ 1859ರಿಂದ ತಿಂಗಳ ಕಂತುಗಳಲ್ಲಿ ಬಂದು 1861ರಲ್ಲಿ ಒಟ್ಟಾಯಿತು. ಮೊದಲ ವರ್ಷವೇ 60,000 ಪ್ರತಿ ಖರ್ಚು. ಅಡುಗೆಗಳಲ್ಲಿ ಬಹುಪಾಲು ಆಕ್ಟನ್ ಮೊದಲಾದವರಿಂದ ಎತ್ತಿದವು. ಇಸಬೆಲ್ಲಾ ಸೇರಿಸಿದ್ದು ಚೌಕಟ್ಟು: ಸಾಮಗ್ರಿ, ವಿಧಾನ, ಹೊತ್ತು, ಖರ್ಚು, ಎಷ್ಟು ಜನಕ್ಕೆ, ಯಾವ ತಿಂಗಳಲ್ಲಿ.

ಅವರೇ ಮಾಡಿ ನೋಡಿದ್ದು ಎಂದು ಬರೆದುಕೊಂಡಿರುವ ಬಡವರ ಸೂಪನ್ನೇ ನೋಡಿ. 10 ಗ್ಯಾಲನ್ ನೀರು (ಸುಮಾರು 45 ಲೀಟರ್), ಎತ್ತಿನ ಕೆನ್ನೆಮಾಂಸ, 4 ಪೌಂಡ್ ಅಕ್ಕಿ ಅಥವಾ ಬಾರ್ಲಿ, ಅರ್ಧರ್ಧ ಪೌಂಡ್ ಕ್ಯಾರೆಟ್, ಟರ್ನಿಪ್, ಉಪ್ಪು, ಅರ್ಧ ಪಿಂಟ್ ಬಿಯರ್. ಆರೂವರೆ ಗಂಟೆ ಬೇಯಬೇಕು. ಒಂದು ಲೀಟರಿಗಿಂತ ತುಸು ಹೆಚ್ಚಿನ ಕ್ವಾರ್ಟಿಗೆ ಒಂದೂವರೆ ಪೆನ್ನಿ. 1858ರ ಚಳಿಗಾಲದಲ್ಲಿ ವಾರವಾರವೂ ದೊಡ್ಡ ಹಂಡೆಯಲ್ಲಿ ಇದನ್ನು ಕಾಯಿಸಿ ಹಳ್ಳಿಯ ಹನ್ನೆರಡರಷ್ಟು ಮನೆಗೆ ಹಂಚಿದ್ದರು.

ಎಡವಟ್ಟಾದದ್ದು ಶಾಖದಲ್ಲಿ. ಕಲ್ಲಿದ್ದಲ ಒಲೆಗೆ ಡಿಗ್ರಿಯ ಲೆಕ್ಕವಿಲ್ಲ, ಹಾಗಾಗಿ ಬೇಯಿಸುವ ಕಡೆ 'ಹದವಾದ ಒಲೆ' ಎಂದಷ್ಟೇ. ಹದ ಗೊತ್ತಿಲ್ಲದವಳಿಗೆಂದೇ ಬರೆದ ಪುಸ್ತಕದಲ್ಲಿ! ದೊಡ್ಡ ಕ್ಯಾರೆಟ್ಟಿಗೆ ಒಂದೂಮುಕ್ಕಾಲರಿಂದ ಎರಡೂಕಾಲು ಗಂಟೆ ಎಂಬುದನ್ನು ಇಂದು ಪಾಲಿಸಿದರೆ ಗೊಜ್ಜೇ ಗತಿ.

1865ರಲ್ಲಿ ನಾಲ್ಕನೇ ಹೆರಿಗೆಯ ಬೆನ್ನಿಗೇ ಇಸಬೆಲ್ಲಾ ತೀರಿಕೊಂಡರು, 28ನೇ ವಯಸ್ಸಿನಲ್ಲಿ. ಮರುವರ್ಷ ಸಾಲಕ್ಕೆ ಸಿಕ್ಕಿದ ಸ್ಯಾಮ್ಯುಯೆಲ್ ಪುಸ್ತಕದ ಹಕ್ಕುಗಳನ್ನು ಮಾರಿದರು. ಕೊಂಡವರು ಅದೇ ಹೆಸರಿನಲ್ಲಿ ಆವೃತ್ತಿ ಮೇಲೆ ಆವೃತ್ತಿ ತಂದರು. ಮಿಸೆಸ್ ಬೀಟನ್ ಎಂದರೆ ತಲೆ ನರೆತ ಹಿರಿಯ ಗೃಹಿಣಿ ಎಂದೇ ಜನ ಅಂದುಕೊಂಡರು.