ಕಾರ್ಸೆಟ್ ಬ್ಯಾಕ್: ಗೌನಿನ ಬೆನ್ನಿಗೊಂದು ಕಸೆ

ಕಳೆದ ಚಳಿಗಾಲದಲ್ಲಿ ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಮನೆಗೆ ಗದಗ ಕಡೆಯ ಒಂದು ಕುಟುಂಬ ಬಂತು. ತಾಯಿ, ಮಗಳು, ಅಜ್ಜಿ. ಮಗಳ ಕೈಯಲ್ಲಿ ರಿಸೆಪ್ಶನ್‌ಗೆಂದು ಕೊಂಡಿದ್ದ ವೈನ್ ಬಣ್ಣದ ಸ್ಯಾಟಿನ್ ಗೌನ್. ಆರು ತಿಂಗಳ ಹಿಂದೆ ಸರಿಯಾಗಿ ಕೂತಿತ್ತಂತೆ. ಈಗ ಹಾಕಿ ನೋಡಿದರೆ ಜಿಪ್ಪು ಸೊಂಟದಿಂದ ಮೇಲೆ ಹತ್ತುತ್ತಿಲ್ಲ. ಟೇಪು ಹಿಡಿದೆ. ಎರಡೂವರೆ ಇಂಚು ಕಡಿಮೆ ಬರುತ್ತಿತ್ತು.

ಹುಡುಗಿ ಫೋನಿನಲ್ಲಿ ಒಂದು ಚಿತ್ರ ತೋರಿಸಿ, "ಆಂಟಿ, ಇದಕ್ಕೆ ಹಿಂದೆ ಕಾರ್ಸೆಟ್ ಬ್ಯಾಕ್ ಮಾಡಿಕೊಡ್ತೀರಾ?" ಅಂದಳು. ತಾಯಿಗೆ ಗಾಬರಿಯಾಯಿತು. "ಅಕ್ಕಾ, ಕಾರ್ಸೆಟ್ ಅಂದ್ರ ಸೊಂಟ ಬಿಗಿದು ಕಟ್ಟೂದಲ್ಲೇನು? ಮೂರು ತಾಸು ಸ್ಟೇಜ್ ಮ್ಯಾಲೆ ನಿಂದರಬೇಕು. ಉಸಿರು ಕಟ್ಟಿದ್ರ?"

ಈ ಪ್ರಶ್ನೆಯನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಕೆಲವರು ಹೆದರಿ ಕೇಳುತ್ತಾರೆ. ಇನ್ನು ಕೆಲವರು ಇದನ್ನು ಹಾಕಿಸಿದರೆ ತೆಳ್ಳಗೆ ಕಾಣುತ್ತೇವೆ ಅಂತ ಆಸೆಯಿಂದ ಬರುತ್ತಾರೆ. ಎರಡಕ್ಕೂ ಕಾರಣ ಆ ಹೆಸರು.

ಕಾರ್ಸೆಟ್ ಅನ್ನುವುದು ಒಂದು ಒಳ ಉಡುಪು. ಹಳೆಯ ಫ್ರೆಂಚ್‌ನಲ್ಲಿ 'ಕೋರ್' ಅಂದರೆ ಮೈ. ಅದರಿಂದ ಬಂದ ಕಾರ್ಸೆಟ್ ಅಂದರೆ ಪುಟ್ಟ ಮೈ. ಯುರೋಪಿನ ಹೆಂಗಸರು ಶತಮಾನಗಳ ಕಾಲ ಇಂಥದ್ದನ್ನು ಬಟ್ಟೆಯ ಒಳಗೆ ಬಿಗಿದು ಕಟ್ಟಿಕೊಂಡರು. ಅದು ನೆಟ್ಟಗೆ ನಿಲ್ಲಲಿ ಅಂತ ಒಳಗೆ ಸಣ್ಣ ಸಣ್ಣ ಕಡ್ಡಿ ಇರುತ್ತಿತ್ತು. ಅದಕ್ಕೆ ತಿಮಿಂಗಿಲದ ಮೂಳೆ ಅಂತ ಹೆಸರು. ನಿಜವಾಗಿ ಅದು ಮೂಳೆ ಅಲ್ಲ. ಕೆಲವು ತಿಮಿಂಗಿಲಗಳ ಬಾಯಲ್ಲಿ ಹಲ್ಲಿನ ಬದಲು ಜಾಲರಿಯಂಥ ಪಟ್ಟಿಗಳಿರುತ್ತವೆ, ನಮ್ಮ ಉಗುರು ಯಾವುದರಿಂದ ಆಗಿದೆಯೋ ಅದೇ ವಸ್ತು. ಆಮೇಲೆ ಉಕ್ಕಿನ ಪಟ್ಟಿ ಬಂತು. ಮೊದಲು ದಾರ ಪೋಣಿಸುವ ತೂತುಗಳನ್ನು ಕೈಯಲ್ಲಿ ಕಾಜಾದ ಹಾಗೆ ಹೊಲಿಯುತ್ತಿದ್ದರು. ಜೋರಾಗಿ ಎಳೆದರೆ ಬಟ್ಟೆ ಹರಿಯುತ್ತಿತ್ತು. 1820ರ ದಶಕದಲ್ಲಿ ಲೋಹದ ಐಲೆಟ್, ಅಂದರೆ ತೂತಿನ ಅಂಚಿಗೆ ಕೂರಿಸುವ ಪುಟ್ಟ ಬಳೆ, ಬಂದ ಮೇಲೆ ಎಷ್ಟು ಬೇಕಾದರೂ ಬಿಗಿಯಬಹುದು ಅಂತಾಯಿತು. ಕಾರ್ಸೆಟ್‌ಗೆ ಈಗಲೂ ಇರುವ ಕೆಟ್ಟ ಹೆಸರು ಹೆಚ್ಚಾಗಿ ಆ ಕಾಲದ್ದು.

ಕಾರ್ಸೆಟ್ ಬ್ಯಾಕ್ ಆ ಉಡುಪಿನಿಂದ ತೆಗೆದುಕೊಂಡಿದ್ದು ಒಂದೇ, ಬೆನ್ನಿನ ಮೇಲೆ ಅಡ್ಡಡ್ಡ ಹಾದುಹೋಗುವ ದಾರ. ಗೌನಿನ ಜಿಪ್ ತೆಗೆದು, ಎರಡೂ ಅಂಚಿಗೆ ಸಾಲಾಗಿ ಲೂಪ್ ಹೊಲಿದು, ಅವುಗಳಲ್ಲಿ ದಾರ ಪೋಣಿಸಿ ಕಟ್ಟುವ ವ್ಯವಸ್ಥೆ ಅಷ್ಟೇ. ಮೈಯನ್ನು ಬಟ್ಟೆಯ ಅಳತೆಗೆ ತರುವುದು ಕಾರ್ಸೆಟ್. ಇಲ್ಲಿ ಮೈ ಎಷ್ಟಿದೆಯೋ ಅಷ್ಟಕ್ಕೆ ಬಟ್ಟೆ ತೆರೆದುಕೊಳ್ಳುತ್ತದೆ. ಜಿಪ್ಪಿಗೆ ಹಾಕು ಇಲ್ಲವೇ ಬಿಡು ಅನ್ನುವ ಒಂದೇ ಅಳತೆ. ದಾರಕ್ಕೆ ಹಾಗಿಲ್ಲ. ಬೆಳಿಗ್ಗೆ ಬಿಗಿ, ಊಟವಾದ ಮೇಲೆ ಅರ್ಧ ಇಂಚು ಸಡಿಲ.

ನಾನು ಇದನ್ನು ವಿವರಿಸುವಾಗ ಅಜ್ಜಿ ಫೋನನ್ನು ಹತ್ತಿರ ಹಿಡಿದು ಆ ಚಿತ್ರ ನೋಡುತ್ತಿದ್ದರು. "ಅಯ್ಯ, ಇದು ನಮ್ಮ ಕಸೀ ಅಂಗಿ ಇದ್ದಂಗ ಐತಲ್ಲ," ಅಂದರು.

ನನಗೆ ತುಂಬ ಖುಷಿಯಾಯಿತು. ಆ ಪದ ಬಾಯಿಗೆ ಬಾರದೆ ಇಷ್ಟು ವರ್ಷ ಲೂಪು, ಡೋರಿ, ಲೇಸು ಅಂತ ಹೇಳಿಕೊಂಡೇ ಬಂದಿದ್ದೆ. ಕಸೆ. ಅಂಗಿಗೆ, ಕುಪ್ಪಸಕ್ಕೆ ಹೊಲಿದಿರುವ ಕಟ್ಟುವ ದಾರ. ಉತ್ತರ ಕರ್ನಾಟಕದ ಬಾಯಲ್ಲಿ ಕಸಿ. ಗುಂಡಿ ಮನೆಮನೆಗೆ ಬರುವ ಮೊದಲು ಬಟ್ಟೆಯನ್ನು ಮೈಗೆ ಹೊಂದಿಸಿದ್ದು ಇದೇ. ಎಳೆ ಮಗುವಿನ ಜಬಲಾ ನೆನಪಿಸಿಕೊಳ್ಳಿ, ಬೆನ್ನ ಹಿಂದೆ ಎರಡು ಕಡೆ ಕಟ್ಟುತ್ತೇವಲ್ವಾ? ಮಗು ತಿಂಗಳಿಂದ ತಿಂಗಳಿಗೆ ಬೆಳೆಯುತ್ತದೆ, ಗಂಟು ಅಷ್ಟಷ್ಟೇ ಸಡಿಲವಾಗುತ್ತದೆ. ಬೆಳಗಾವಿ, ಧಾರವಾಡ, ಮಹಾರಾಷ್ಟ್ರದ ಹಳೆ ತಲೆಯ ಗಂಡಸರು ತೊಡುತ್ತಿದ್ದ ಬಾರಾಬಂದಿಯೂ ಇದೇ ಜಾತಿಯದು. ಬಾರಾ ಅಂದರೆ ಹನ್ನೆರಡು, ಹನ್ನೆರಡು ಕಟ್ಟು ಇರುವ ಅಂಗಿ ಅಂತ ಆ ಹೆಸರು. ಕಾರ್ಸೆಟ್ ಬ್ಯಾಕ್ ಅನ್ನುವ ಹೆಸರು ಕೇಳಿ ಹೆದರುವವರಿಗೆ ನಾನೀಗ ಬೆನ್ನಿನ ಕಸೆ ಅಂತಲೇ ಹೇಳುತ್ತೇನೆ. ತಕ್ಷಣ ಅರ್ಥವಾಗುತ್ತದೆ.

ಇನ್ನು ಆ ವೈನ್ ಬಣ್ಣದ ಗೌನಿಗೆ ಮಾಡಿದ್ದನ್ನು ಹೇಳುತ್ತೇನೆ. ಪದದ ಅರ್ಧ ಅರ್ಥ ಹೊಲಿಗೆಯಲ್ಲೇ ಇದೆ.

ಹುಡುಗಿ ಎತ್ತರದ ಚಪ್ಪಲಿ ಬೇಡ ಅಂದಿದ್ದಳು. ಹಾಗಾಗಿ ಗೌನಿನ ಕೆಳಗೆ ಮೂರು ಇಂಚು ಕತ್ತರಿಸಬೇಕಿತ್ತು. ಆ ಪಟ್ಟಿಯನ್ನು ಬಿಸಾಡಲು ಬಿಡಲಿಲ್ಲ. ಲೂಪಿಗೆ ಅದೇ ಬಟ್ಟೆ, ಅದೇ ಬಣ್ಣ, ಇನ್ನೆಲ್ಲಿ ಸಿಗುತ್ತದೆ? ಲೂಪಿನ ಬಟ್ಟೆಯನ್ನು ಯಾವಾಗಲೂ ಉರೇಬಿನಲ್ಲಿ, ಅಂದರೆ ಎಳೆಗೆ ಓರೆಯಾಗಿ ಕತ್ತರಿಸಬೇಕು. ನೇರ ಕತ್ತರಿಸಿದ ಪಟ್ಟಿ ಬಗ್ಗಿಸಿದ ಕಡೆ ಮುರಿದ ಹಾಗೆ ನಿಲ್ಲುತ್ತದೆ. ಓರೆ ಪಟ್ಟಿ ಎಳೆದರೆ ಹಿಗ್ಗುತ್ತದೆ, ಹಗ್ಗದ ಹಾಗೆ ದುಂಡಗೆ ಬಗ್ಗುತ್ತದೆ. ಮೂರು ಇಂಚಿನ ಪಟ್ಟಿಯನ್ನು ಓರೆಯಾಗಿ ಕತ್ತರಿಸಿದರೆ ನಾಲ್ಕು ಇಂಚು ಉದ್ದದ ತುಂಡು ಬರುತ್ತದೆ. ಅಗಲ ಒಂದು ಇಂಚು. ಮಡಚಿ ಹೊಲಿದು, ಒಂದು ತುದಿಗೆ ಸೂಜಿದಾರ ಕಟ್ಟಿ ಒಳಗಿನಿಂದ ಎಳೆದು ಮಗುಚಿದರೆ ಕಾಲು ಇಂಚಿನ ನಳಿಗೆ ಸಿದ್ಧ. ಒಂದು ತುಂಡಿಗೆ ಎರಡು ಲೂಪ್. ನನಗೆ ಬೇಕಿದ್ದದ್ದು ಒಂದು ಬದಿಗೆ ಹದಿಮೂರು, ಒಟ್ಟು ಇಪ್ಪತ್ತಾರು. ಒಂದು ಸಂಜೆ ಪೂರ್ತಿ ಇದಕ್ಕೇ ಹೋಯಿತು. ಅಂಗಡಿಯಲ್ಲಿ ಸಿದ್ಧ ಲೂಪ್ ಪಟ್ಟಿ ಸಿಗುತ್ತದೆ ನಿಜ. ಗಡಿಬಿಡಿಯಲ್ಲಿ ಅದೂ ನಡೆಯುತ್ತದೆ. ಆದರೆ ಒಳ್ಳೆ ಸ್ಯಾಟಿನ್ ಮೇಲೆ ಅದು ಬೇರೆಯಾಗಿ ಎದ್ದು ಕಾಣುತ್ತದೆ, ನನಗೆ ಮನಸ್ಸು ಒಪ್ಪುವುದಿಲ್ಲ.

ಐಲೆಟ್ ಯಾಕೆ ಹಾಕಲಿಲ್ಲ ಅಂತ ಕೇಳಬಹುದು. ಐಲೆಟ್ ಅಂದರೆ ಬಟ್ಟೆಗೆ ತೂತು. ಹಿಂದೆ ಗಟ್ಟಿ ಕ್ಯಾನ್ವಾಸ್ ಇಲ್ಲದಿದ್ದರೆ ಸ್ಯಾಟಿನ್ ಆ ತೂತಿನಿಂದಲೇ ಬಿಚ್ಚಿಕೊಳ್ಳುತ್ತದೆ. ಮುಂಬೈ ಮಳೆಗಾಲದಲ್ಲಿ ಅಗ್ಗದ ಐಲೆಟ್ ತುಕ್ಕು ಹಿಡಿದು ಬಟ್ಟೆಗೆ ಕಲೆ ಬೀಳುವುದು ಇನ್ನೊಂದು ಕಾಟ. ಲೂಪ್ ಹಾಗಲ್ಲ. ಅದು ಹೊರಬಟ್ಟೆ ಮತ್ತು ಅಸ್ತರಿನ ನಡುವೆ ಸಿಕ್ಕಿಕೊಂಡಿರುತ್ತದೆ, ಎಳೆತ ಇಡೀ ಹೊಲಿಗೆಗೆ ಹಂಚಿಹೋಗುತ್ತದೆ. ಅದಕ್ಕೇ ಆ ಹೊಲಿಗೆಯನ್ನು ಎರಡು ಮೂರು ಸಾಲು ಹಾಕಬೇಕು. ಎರಡೂ ಬದಿಯ ಲೂಪ್ ಎದುರುಬದುರು ಕೂರಬೇಕು. ಒಂದು ಕಡೆ ಕಾಲು ಇಂಚು ಕೆಳಗೆ ಸರಿದರೂ ಕಟ್ಟಿದಾಗ ಇಡೀ ಬೆನ್ನು ಸೊಟ್ಟ. ನಾನು ಮೊದಲು ಕಚ್ಚಾ ಹೊಲಿಗೆ ಹಾಕಿ, ದಾರ ಪೋಣಿಸಿ ನೋಡಿ, ಆಮೇಲೆ ಮಷಿನ್ ಹತ್ತಿರ ಹೋಗುತ್ತೇನೆ.

ಅಂಚಿನ ಉದ್ದಕ್ಕೂ ಒಳಗೆ ಒಂದು ಸಪೂರ ಪ್ಲಾಸ್ಟಿಕ್ ಬೋನ್ ಹಾಕಬೇಕು. ಹಳೆ ಕಾರ್ಸೆಟ್‌ನ ಆ ಕಡ್ಡಿಯ ಮೊಮ್ಮಗಳು ಇದು. ತುಂಬ ಜನ ಇದನ್ನು ಬಿಟ್ಟುಬಿಡುತ್ತಾರೆ. ಬಿಟ್ಟರೆ ದಾರ ಎಳೆದ ತಕ್ಷಣ ಬಟ್ಟೆ ಹಾರ್ಮೋನಿಯಂ ತಿದಿಯ ಹಾಗೆ ಮಡಿಕೆ ಮಡಿಕೆಯಾಗಿ ಕುಗ್ಗುತ್ತದೆ. ಇಲ್ಲಿ ಬೋನ್ ಕೆಲಸ ಅಂಚನ್ನು ನೆಟ್ಟಗೆ ಇಡುವುದು ಮಾತ್ರ, ಮೈಗೆ ಒತ್ತುವುದಿಲ್ಲ.

ದಾರದ ಸಂದಿಯಲ್ಲಿ ಮೈ ಕಾಣದ ಹಾಗೆ ಒಳಗೊಂದು ಪಟ್ಟಿ ಬೇಕು. ಟೈಲರುಗಳು ಪ್ಯಾನೆಲ್ ಅನ್ನುತ್ತಾರೆ. ಮೂರು ಇಂಚು ಸಂದಿಗೆ ಏಳು ಇಂಚು ಅಗಲದ ಪಟ್ಟಿ, ಎರಡೂ ಕಡೆ ಎರಡೆರಡು ಇಂಚು ಒಳಗೆ ಸೇರಲಿ ಅಂತ. ಒಂದು ಬದಿ ಹೊಲಿದುಬಿಡಬೇಕು, ಇನ್ನೊಂದು ಬದಿಗೆ ಟಿಚ್ ಬಟನ್. ಎರಡೂ ಬದಿ ಹೊಲಿದರೆ ಗೌನಿನೊಳಗೆ ಇಳಿಯುವುದು ಹೇಗೆ? ಈ ಪಟ್ಟಿಗೆ ಕತ್ತರಿಸಿದ ಬಟ್ಟೆ ಸಾಲಲಿಲ್ಲ. ದಾದರ್‌ನ ಹಿಂದಮಾತಾ ಬಟ್ಟೆ ಮಾರುಕಟ್ಟೆಯಲ್ಲಿ ಹೊಂದುವ ಸ್ಯಾಟಿನ್ ಹುಡುಕಿ ತಂದೆ. ಬಿಸಿಲಿಗೆ ಹಿಡಿದರೆ ಬಣ್ಣ ಒಂದು ಗುಂಜಿ ತಿಳಿ. ದಾರದ ಹಿಂದೆ, ನೆರಳಿನಲ್ಲಿ ಅದು ಯಾರಿಗೂ ಗೊತ್ತಾಗಲಿಲ್ಲ.

ದಾರ ಎಷ್ಟು ಬೇಕು? ಹನ್ನೆರಡು ಇಂಚು ಉದ್ದದ ಬೆನ್ನಿಗೆ ಸುಮಾರು ನಾಲ್ಕು ಮೀಟರ್. ಕಟ್ಟಿದ ಮೇಲೆ ಅರ್ಧದಷ್ಟು ಸಾಕು ಅನ್ನಿಸುತ್ತದೆ. ಆದರೆ ಹಾಕಿಕೊಳ್ಳುವಾಗ ಸಡಿಲಿಸಲು ಅಷ್ಟು ಉದ್ದ ಬೇಕೇ ಬೇಕು.

ಎಲ್ಲ ಗೌನಿಗೂ ಇದು ಒಪ್ಪುವುದಿಲ್ಲ. ಕಾಲರ್ ಇರುವ, ಕುತ್ತಿಗೆವರೆಗೆ ಮುಚ್ಚಿದ ಬೆನ್ನಿಗೆ ಬೇಡ. ಮಣಿ, ಸಿಕ್ವಿನ್ ತುಂಬಿದ ನೆಟ್ ಆದರೆ ಅಂಚಿನ ಮಣಿಗಳನ್ನು ಒಂದೊಂದಾಗಿ ಬಿಚ್ಚಬೇಕು, ಇಲ್ಲದಿದ್ದರೆ ಮಷಿನ್ ಸೂಜಿ ಮುರಿಯುತ್ತದೆ. ಜಿಪ್ ಬಗಲಲ್ಲಿದ್ದರೆ ಬೆನ್ನನ್ನು ಹೊಸದಾಗಿ ಸೀಳಬೇಕಾಗುತ್ತದೆ. ಸಂದಿ ಮೂರು ನಾಲ್ಕು ಇಂಚಿಗಿಂತ ಜಾಸ್ತಿ ಬೇಕಾದರೆ ನಾನು ಒಪ್ಪಿಕೊಳ್ಳುವುದಿಲ್ಲ. ಬಗಲಿನ ಹೊಲಿಗೆಗಳೆಲ್ಲ ಹಿಂದಕ್ಕೆ ಸರಿದು ತೋಳಿನ ಹತ್ತಿರ ಎಳೆಯುತ್ತದೆ. ಆಗ ಬಗಲಿಗೇ ಬಟ್ಟೆ ಕೂಡಿಸುವುದು ಸರಿ. ಎದೆಯ ಭಾಗ ಬಿಗಿಯಾಗಿದ್ದರೂ ಅಷ್ಟೇ. ಬೆನ್ನು ಬಿಚ್ಚಿದರೆ ಸುತ್ತಳತೆ ಹೆಚ್ಚುತ್ತದೆ, ಮುಂದಿನ ಕಪ್ ದೊಡ್ಡದಾಗುವುದಿಲ್ಲ. ಇದನ್ನು ಮೊದಲೇ ಹೇಳದ ಟೈಲರ್ ಕೈಗೆ ಬಟ್ಟೆ ಕೊಡಬೇಡಿ.

ಟ್ರಯಲ್ ದಿನ ಕಟ್ಟಿದ್ದು ಅಜ್ಜಿಯೇ. ಮೇಲಿನ ಲೂಪಿನಿಂದ ಶುರುಮಾಡಿ ಅಡ್ಡಡ್ಡ ಪೋಣಿಸುತ್ತ ಬಂದು, ಮತ್ತೆ ಮೇಲಿಂದ ಒಂದೊಂದೇ ಸಾಲು ಬೆರಳಲ್ಲಿ ಎತ್ತಿ ಬಿಗಿ ಮಾಡಿದರು. ಹುಡುಗಿಯನ್ನು ಕೂರಿಸಿದೆ, ಜೋರಾಗಿ ಉಸಿರು ಎಳೆಯಲು ಹೇಳಿದೆ. ದಾರದ ಕೆಳಗೆ ನನ್ನ ಎರಡು ಬೆರಳು ಸಲೀಸಾಗಿ ಹೋದವು. ತಾಯಿಯೂ ತಮ್ಮ ಬೆರಳು ತೂರಿಸಿ ನೋಡಿ ಸಮಾಧಾನ ಮಾಡಿಕೊಂಡರು. ಸ್ಯಾಟಿನ್ ದಾರ ಜಾರುತ್ತದೆ ಅಂತ ಬೋ ಕೆಳಗೆ ಒಂದು ಗಟ್ಟಿ ಗಂಟು ಹಾಕಿ, ಉಳಿದ ತುದಿಯನ್ನು ಒಳಗೆ ಸೇರಿಸಿದೆವು.

ಬಿಚ್ಚಿದ ಜಿಪ್ಪನ್ನು ಒಂದು ಸಣ್ಣ ಚೀಲಕ್ಕೆ ಹಾಕಿ ಅವರ ಕೈಗೇ ಕೊಟ್ಟೆ. ಅಂಚನ್ನು ನಾನು ಕತ್ತರಿಸಿಲ್ಲ, ಒಳಗೆ ಮಡಚಿ ಹೊಲಿದಿದ್ದೇನೆ. ಮುಂದೆ ತಂಗಿ ಹಾಕಿಕೊಳ್ಳುತ್ತೇನೆ ಅಂದರೆ ಕಸೆ ಬಿಚ್ಚಿ ಅದೇ ಜಿಪ್ಪನ್ನು ಮತ್ತೆ ಕೂರಿಸಬಹುದು.