ಗ್ರೈಂಡರ್ ಡಿಸ್ಕಿನ ಮೇಲಿನ ಅಂಕಿಗಳು: ಪರೀಕ್ಷೆಗೆ ಓದುತ್ತಾ ಬರೆದುಕೊಂಡಿದ್ದು

ಕಬ್ಬಿಣ, ಕಲ್ಲು ಕತ್ತರಿಸುವ ಕೈ ಗ್ರೈಂಡರ್ ಹಿಡಿಯುವಾಗ ಕನ್ನಡಕ ಹಾಕಬೇಕು, ಸಡಿಲ ಬಟ್ಟೆ ಬೇಡ, ಡಿಸ್ಕ್ ಬದಲಿಸುವ ಮೊದಲು ಪ್ಲಗ್ ಕೀಳಬೇಕು. ಇದೆಲ್ಲ ನಿಮಗೆ ಗೊತ್ತೇ ಇದೆ, ಬಿಡಿ. ನನ್ನ ತಲೆ ತಿಂದಿದ್ದು ಡಿಸ್ಕಿನ ಮೇಲಿನ ಅಂಕಿಗಳು.

ನಾಲ್ಕು ಇಂಚಿನ (100 ಮಿ.ಮೀ.) ಕಟಿಂಗ್ ಡಿಸ್ಕ್ ನೋಡಿ. ಸಾಮಾನ್ಯವಾಗಿ 80 ಮೀ/ಸೆ (ಸೆಕೆಂಡಿಗೆ ಮೀಟರ್) ಎಂದೂ ಸುಮಾರು 15,300 ಆರ್‌ಪಿಎಂ (ನಿಮಿಷಕ್ಕೆ ಸುತ್ತು) ಎಂದೂ ಇರುತ್ತದೆ. ಗ್ರೈಂಡರ್ ಮೇಲೆ 11,000 ಅಂತ ಇದೆ ಅಂದುಕೊಳ್ಳಿ. ಏಳು ಇಂಚಿನ ಡಿಸ್ಕಿನ ಮೇಲೆ 8,500. ಯಾವುದಕ್ಕೆ ಯಾವುದನ್ನು ಹೊಂದಿಸುವುದು?

ಡಿಸ್ಕಿನ ಮೇಲಿರುವುದು ಅದು ತಿರುಗುವ ವೇಗ ಅಲ್ಲ, ತಡೆದುಕೊಳ್ಳುವ ವೇಗ. ತಿರುಗಿಸುವುದು ಮೋಟಾರು. ಹಾಗಾಗಿ ಮೆಷಿನ್ನಿನ ಅಂಕಿ ಡಿಸ್ಕಿನ ಅಂಕಿಯನ್ನು ದಾಟಬಾರದು, ಅಷ್ಟೇ. 11,000 ಮೆಷಿನ್ನಿಗೆ 15,300 ಡಿಸ್ಕ್ ಆಗುತ್ತದೆ.

ಆದರೆ ದೊಡ್ಡ ಡಿಸ್ಕಿಗೆ ಅಂಕಿ ಯಾಕೆ ಚಿಕ್ಕದು? ದೊಡ್ಡದು ಅಂದಮೇಲೆ ಗಟ್ಟಿ ಇರಬೇಕಲ್ವಾ? ನಾನು ಸಿಕ್ಕಿಕೊಂಡಿದ್ದು ಇಲ್ಲೇ. ನಿಮಿಷಕ್ಕೆ ಎಷ್ಟು ಸುತ್ತು ಎನ್ನುವುದಕ್ಕಿಂತ ಅಂಚು ಎಷ್ಟು ಜೋರಾಗಿ ಓಡುತ್ತಿದೆ ಎನ್ನುವುದು ಮುಖ್ಯ. ಡಿಸ್ಕ್ ಸಿಡಿಯುವುದು ಆ ವೇಗಕ್ಕೆ. ಒಂದು ಸುತ್ತಿಗೆ ನಾಲ್ಕು ಇಂಚಿನ ಡಿಸ್ಕಿನ ಅಂಚು 31 ಸೆಂ.ಮೀ. ಓಡಿದರೆ ಏಳು ಇಂಚಿನದು (180 ಮಿ.ಮೀ.) 56 ಸೆಂ.ಮೀ. ದಾಟುತ್ತದೆ. ಎರಡಕ್ಕೂ ಮಿತಿ ಅದೇ 80 ಮೀ/ಸೆ. ಆದ್ದರಿಂದ ದೊಡ್ಡದು ಕಡಿಮೆ ಸುತ್ತಿನಲ್ಲೇ ಮಿತಿ ಮುಟ್ಟುತ್ತದೆ. ಸೆಕೆಂಡಿಗೆ 80 ಮೀಟರ್ ಅಂದರೆ ಗಂಟೆಗೆ 288 ಕಿ.ಮೀ. ನಮ್ಮ ಮಾಲೂರು, ಬಂಗಾರಪೇಟೆ ಕಡೆಯಿಂದ ಹೋಗುವ ಚೆನ್ನೈ ಎಕ್ಸ್‌ಪ್ರೆಸ್‌ವೇಯನ್ನು ಕಟ್ಟಿರುವುದೇ 120ರ ವೇಗಕ್ಕೆ.

ಲೆಕ್ಕಕ್ಕೆ ನನಗೆ ತುಂಬಾ ಇಷ್ಟವಾದ ಅಡ್ಡದಾರಿ: ಮಿ.ಮೀ.ನಲ್ಲಿ ಡಿಸ್ಕಿನ ವ್ಯಾಸ × ಆರ್‌ಪಿಎಂ ÷ 19,100 = ಅಂಚಿನ ವೇಗ, ಮೀ/ಸೆ. (60,000ವನ್ನು ಪೈನಿಂದ ಭಾಗಿಸಿದರೆ ಬರುವುದು ಈ 19,100.)

ನಾಲ್ಕು ಇಂಚು: 100 × 11,000 ÷ 19,100 = 57.6. ಆರಾಮ.
ಅದೇ ಮೆಷಿನ್ನಿಗೆ ಏಳು ಇಂಚು: 180 × 11,000 ÷ 19,100 = 103.7. ಮಿತಿ 80!

ಮಿತಿಯ 1.3 ಪಟ್ಟು ವೇಗ. ಡಿಸ್ಕನ್ನು ಹೊರಗೆ ಎಳೆಯುವ ಬಲ ವೇಗದ ವರ್ಗದಂತೆ ಏರುತ್ತದೆ, ಅಂದರೆ ಸುಮಾರು 1.7 ಪಟ್ಟು. ಗಾರ್ಡ್ (ಡಿಸ್ಕಿನ ಸುತ್ತಲಿನ ರಕ್ಷಣೆಯ ಕವಚ) ಬಿಚ್ಚದೆ ಚಿಕ್ಕ ಮೆಷಿನ್ನಿಗೆ ಏಳು ಇಂಚಿನ ಡಿಸ್ಕ್ ಕೂರುವುದೇ ಇಲ್ಲ. ತೂತು ಕೂಡ ಬೇರೆ: ನಾಲ್ಕು ಇಂಚಿನದಕ್ಕೆ ಸಾಮಾನ್ಯವಾಗಿ 16 ಮಿ.ಮೀ., ಏಳು ಇಂಚಿನದಕ್ಕೆ 22.23. ವಾಷರ್ ಇಟ್ಟು ಹೊಂದಿಸುವ ಜಾಣರಿದ್ದಾರೆ. ಅಂಥವರ ಎದುರು ನಿಲ್ಲಬೇಡಿ.

ಲೆಕ್ಕವನ್ನು ತಿರುಗಿಸಿಯೂ ಮಾಡಬಹುದು. 15,28,000ವನ್ನು ವ್ಯಾಸದಿಂದ ಭಾಗಿಸಿದರೆ 80 ಮೀ/ಸೆ ಡಿಸ್ಕಿನ ಆರ್‌ಪಿಎಂ ಮಿತಿ ಬರುತ್ತದೆ. ಐದು ಇಂಚಿಗೆ (125 ಮಿ.ಮೀ.) ಸುಮಾರು 12,200. ಡಿಸ್ಕ್ ಮೇಲೆ ಅಚ್ಚಾದ ಅಂಕಿಗೆ ತಾಳೆ ನೋಡಿ, ಖುಷಿಯಾಗುತ್ತದೆ.

ಡಿಸ್ಕಿನ ನಡುವಿನ ಲೋಹದ ಬಳೆಯ ಮೇಲೆ ಅದನ್ನು ಯಾವಾಗಿನವರೆಗೆ ಬಳಸಬಹುದು ಎಂಬ ಅವಧಿಯೂ ಇರುತ್ತದೆ, ಅದನ್ನೂ ನೋಡಿ. ಕಟಿಂಗ್ ಡಿಸ್ಕಿನ ಪಕ್ಕದಿಂದ ಉಜ್ಜಬಾರದು.

ಕರೆಂಟಿನ ಭಾಗ ಚಿಕ್ಕದು. 16 ಆಂಪಿಯರ್ ಎಂಸಿಬಿ (ಕರೆಂಟ್ ಮಿತಿಮೀರಿದರೆ ತಾನೇ ಬೀಳುವ ಸ್ವಿಚ್) ಕಾಪಾಡುವುದು ವೈರನ್ನು, ನಮ್ಮನ್ನಲ್ಲ. ಮೈಯಲ್ಲಿ ಹರಿಯುವ ಸೋರಿಕೆಯನ್ನು ಹಿಡಿಯಲು 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಸೋರಿಕೆ ಕಂಡ ಕೂಡಲೇ ಕರೆಂಟ್ ಕಡಿಯುವ ಸ್ವಿಚ್) ಬೇಕು. ಚೌಕದೊಳಗೆ ಚೌಕದ ಗುರುತಿದ್ದರೆ ಅದು ಡಬಲ್ ಇನ್ಸುಲೇಶನ್ (ಕರೆಂಟ್ ತಡೆಯುವ ಎರಡು ಪದರ) ಇರುವ ಮೆಷಿನ್, ಅರ್ಥ್ ಪಿನ್ ಇರುವುದಿಲ್ಲ. ಆದರೆ ಒದ್ದೆಯಾದರೆ ಆ ರಕ್ಷಣೆಯನ್ನು ನಂಬುವಂತಿಲ್ಲ.

ನಮ್ಮೂರಿಗೆ ಬೇಕೇ ಬೇಕಾದ ಮಾತು: ಕರೆಂಟ್ ಹೋದ ತಕ್ಷಣ ಸ್ವಿಚ್ ಆಫ್ ಮಾಡಿ. ಲಾಕ್ ಆಗಿರುವ ಸ್ವಿಚ್ ಹಾಗೇ ಬಿಟ್ಟರೆ, ಕರೆಂಟ್ ಬಂದಾಗ ಬೆಂಚಿನ ಮೇಲಿರುವ ಗ್ರೈಂಡರ್ ತಾನೇ ಎದ್ದು ಓಡುತ್ತದೆ.

ಶಿವಾರಪಟ್ಟಣದ ಕಡೆ ಕಲ್ಲಿನ ಕೆಲಸ ಕಲಿಯುವವರಿಗೆ ಇನ್ನೊಂದು: ಗ್ರಾನೈಟ್ ಧೂಳಿನಲ್ಲಿ ಸಿಲಿಕಾ ಇದೆ. ಅದರಿಂದ ಬರುವ ಸಿಲಿಕೋಸಿಸ್ ವಾಸಿಯಾಗುವ ಕಾಯಿಲೆಯಲ್ಲ. ಟವೆಲ್ ಕಟ್ಟಿಕೊಂಡರೆ ಸಣ್ಣ ಧೂಳು ನಿಲ್ಲದು, ಎನ್95 ಮಾಸ್ಕ್ ಬೇಕು. ನೀರು ಬಿಟ್ಟು ಕತ್ತರಿಸಿದರೆ ಧೂಳು ಅಡಗುತ್ತದೆ ನಿಜ, ಆದರೆ ಅದಕ್ಕೆ ನೀರಿನ ಪೈಪು ಇರುವ ಕಟರ್ ಮೆಷಿನ್ನೇ ಬೇಕು, ಜೊತೆಗೆ ಆರ್‌ಸಿಸಿಬಿ. ಸಾದಾ ಗ್ರೈಂಡರ್ ಮೇಲೆ ಬಾಟಲಿಯಿಂದ ನೀರು ಸುರಿಯಬೇಡಿ.